ಸ್ಲೈಡ್ ನೋಡಿದ ಮೇಲೆಯೇ ಸಹಿ

ಉಡುಪಿಯ ಪ್ರಯೋಗಾಲಯವೊಂದರಲ್ಲಿ ಪೆಥಾಲಜಿಸ್ಟ್ ಆಗಿರುವ ನನಗೆ ರೋಗಿಯ ಮುಖಕ್ಕಿಂತ ಮೊದಲು ಕಾಣುವುದು ಅವರ ರಕ್ತ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಬಂದ ಮಾದರಿಯನ್ನು ಯಂತ್ರವು ಒಂದೆರಡು ನಿಮಿಷದೊಳಗೆ ಎಣಿಸಿ ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್‌ಗಳ ಅಂಕಿಗಳನ್ನು ಕೊಡುತ್ತದೆ. ಅಂಕಿಗಳು ಸಹಜ ಮಿತಿಯೊಳಗಿದ್ದರೆ ಕೆಲಸ ಅಲ್ಲಿಗೆ ಮುಗಿಯಿತು. ಮಿತಿ ದಾಟಿದ, ಇಲ್ಲವೇ ಯಂತ್ರವೇ ಅನುಮಾನದ ಗುರುತು ಹಾಕಿದ ಪ್ರತಿಯೊಂದು ಮಾದರಿಯ ಸ್ಲೈಡನ್ನು, ಅಂದರೆ ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಹರಡಿದ ರಕ್ತವನ್ನು, ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿದ ನಂತರವೇ ಸಹಿ ಹಾಕುವುದು ನಾನು ಪಾಲಿಸಿಕೊಂಡು ಬಂದಿರುವ ಕ್ರಮ. ಯಂತ್ರಕ್ಕೆ ಗೊತ್ತಿರುವುದು ಲೆಕ್ಕ. ಚಿಕಿತ್ಸೆ ಯಾವ ದಾರಿ ಹಿಡಿಯಬೇಕೆಂಬ ಸುಳಿವು ಇರುವುದು ಕಣದ ರೂಪದಲ್ಲಿ.

ಒಳ್ಳೆಯ ಸ್ಲೈಡ್ ಮಾಡುವುದೂ ಸುಲಭವಲ್ಲ, ಅದರಲ್ಲೂ ನಮ್ಮ ಕರಾವಳಿಯ ಮಳೆ ಹಿಡಿದ ಆಟಿ ತಿಂಗಳಲ್ಲಿ. ರಕ್ತದ ಹನಿಯನ್ನು ಇನ್ನೊಂದು ಸ್ಲೈಡಿನ ಅಂಚಿನಿಂದ ಓರೆಯಾಗಿ ಎಳೆದ ಕೂಡಲೇ ಆ ಪದರ ಒಣಗಬೇಕು. ತೇವದ ಗಾಳಿಯಲ್ಲಿ ಅದು ನಿಧಾನವಾಗಿ ಒಣಗಿದರೆ ಕೆಂಪು ರಕ್ತಕಣಗಳೊಳಗೆ ಹೊಳೆಯುವ ಪೊಳ್ಳುಗಳು ಮೂಡುತ್ತವೆ; ಪಳಗದ ಕಣ್ಣಿಗೆ ಅವು ಕಬ್ಬಿಣದ ಕೊರತೆಯ ಪೇಲವ ಕಣಗಳಂತೆಯೋ ಮಲೇರಿಯಾದ ಪರಾವಲಂಬಿಯಂತೆಯೋ ಕಾಣಿಸಬಹುದು. ಕಣಗಳು ಎದ್ದು ಕಾಣಲೆಂದು ಸ್ಲೈಡಿಗೆ ಹಾಕುವ ಲೀಶ್‌ಮನ್ ಬಣ್ಣವನ್ನು ಕರಗಿಸುವುದು ಮೆಥನಾಲಿನಲ್ಲಿ, ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆದುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಣ್ಣವನ್ನು ಸಣ್ಣ ಬಾಟಲಿಗಳಿಗೆ ಹಂಚಿ, ಮುಚ್ಚಳ ಬಿಗಿದು ಇಡಿಸುತ್ತೇನೆ ಮತ್ತು ಎಳೆದ ಸ್ಲೈಡನ್ನು ತಕ್ಷಣ ಫ್ಯಾನಿನ ಗಾಳಿಗೆ ಒಡ್ಡಿಸುತ್ತೇನೆ.

ಮಳೆಗಾಲದಲ್ಲಿ ಜನರನ್ನು ಹೆಚ್ಚು ಹೆದರಿಸುವುದು ಪ್ಲೇಟ್‌ಲೆಟ್. ಸಹಜವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕಾದುದು ನಲವತ್ತು ಸಾವಿರವೆಂದು ರಿಪೋರ್ಟಿನಲ್ಲಿ ಬಂದರೆ ಮನೆಯವರು ಆಸ್ಪತ್ರೆಗೆ ಓಡುತ್ತಾರೆ. ಡೆಂಗಿ, ಮಲೇರಿಯಾ, ಇಲಿ ಜ್ವರ ಮೂರರಲ್ಲೂ ಅದು ನಿಜವಾಗಿಯೇ ಇಳಿಯುತ್ತದೆ. ಆದರೆ ಜ್ವರವಿಲ್ಲದೆ, ರಕ್ತಸ್ರಾವವೂ ಇಲ್ಲದೆ ಆರಾಮವಾಗಿರುವವರ ಸ್ಲೈಡಿನ ತುದಿಯಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಂಡಿರುವುದನ್ನು ಹಲವು ಬಾರಿ ನೋಡಿದ್ದೇನೆ. ರಕ್ತ ಹೆಪ್ಪುಗಟ್ಟದಿರಲೆಂದು ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇಡಿಟಿಎ ಎಂಬ ರಾಸಾಯನಿಕ ಕೆಲವರ ರಕ್ತದಲ್ಲಿ ಹೀಗೆ ಮಾಡುತ್ತದೆ, ಯಂತ್ರ ಆ ಗುಂಪುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆಸಿ, ಸಿಟ್ರೇಟ್ ದ್ರವದಿಂದ ರಕ್ತ ತುಸು ತೆಳುವಾಗುವುದರಿಂದ ಬಂದ ಅಂಕಿಯನ್ನು 1.1ರಿಂದ ಗುಣಿಸಿದರೆ ಬಹುತೇಕರ ನಿಜವಾದ ಎಣಿಕೆ ಸಿಗುತ್ತದೆ. ಇನ್ನು ಪಪ್ಪಾಯಿ ಎಲೆಯ ರಸ ಕುಡಿದು ಪ್ಲೇಟ್‌ಲೆಟ್ ಏರಿತೆನ್ನುವವರಲ್ಲಿ ಹೆಚ್ಚಿನವರಿಗೆ ಅದು ಏರಿದ್ದು ಜ್ವರ ಬಂದು ಒಂದು ವಾರವಾದಾಗ, ಅಂದರೆ ಏನೂ ಕುಡಿಯದವರಿಗೂ ಏರುವ ಹೊತ್ತಿಗೆ.

ವರ್ಷವಿಡೀ ಬರುವುದು ರಕ್ತಹೀನತೆ. ಮಲ್ಪೆಯಲ್ಲಿ ಮೀನು ಮಾರುವ ಮಹಿಳೆಯೊಬ್ಬರು, “ಡಾಕ್ಟ್ರೇ, ಎಷ್ಟು ಟಾನಿಕ್ ಕುಡಿದ್ರೂ ರಕ್ತ ಏರುದಿಲ್ಲ” ಎನ್ನುತ್ತ ಹಳೆಯ ರಿಪೋರ್ಟುಗಳ ಕಟ್ಟನ್ನೇ ತಂದಿದ್ದರು. ಎಲ್ಲದರಲ್ಲೂ ಹಿಮೋಗ್ಲೋಬಿನ್ 10ರ ಆಸುಪಾಸು, ಕೆಂಪು ಕಣದ ಗಾತ್ರವನ್ನು ಹೇಳುವ ಎಂಸಿವಿ 65. ಆದರೆ ಕೆಂಪು ಕಣಗಳ ಸಂಖ್ಯೆ ಕಡಿಮೆಯಾಗುವ ಬದಲು 58 ಲಕ್ಷವಿತ್ತು. ಎಂಸಿವಿಯನ್ನು ದಶಲಕ್ಷಗಳಲ್ಲಿ ಬರೆದ ಕಣಸಂಖ್ಯೆಯಿಂದ, ಅಂದರೆ 65ನ್ನು 5.8ರಿಂದ ಭಾಗಿಸಿದರೆ 11 ಚಿಲ್ಲರೆ ಬರುತ್ತದೆ. ಇದು 13ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಕೊರತೆಗಿಂತ ಥಲಸೇಮಿಯಾ ಎಂಬ ಆನುವಂಶಿಕ ರಕ್ತದೋಷದ ವಾಹಕತ್ವದ ಕಡೆಗೆ ಅನುಮಾನ ಹೆಚ್ಚು. ದೇಹದಲ್ಲಿನ ಕಬ್ಬಿಣದ ಸಂಗ್ರಹವನ್ನು ಹೇಳುವ ಫೆರಿಟಿನ್ ಸಹಜವಾಗಿಯೇ ಇತ್ತು, ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎ2, ವಾಹಕರಲ್ಲಿ ಆಗುವಂತೆ, ಶೇ. 3.5ನ್ನು ದಾಟಿತ್ತು. ಅವರಿಗೆ ಕಬ್ಬಿಣದ ಮಾತ್ರೆಯ ಅಗತ್ಯವಿರಲಿಲ್ಲ. ಅಗತ್ಯವಿದ್ದುದು ಮದುವೆಯ ವಯಸ್ಸಿಗೆ ಬಂದಿದ್ದ ಮಗಳ ಪರೀಕ್ಷೆ. ಗಂಡಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ತೀವ್ರ ಥಲಸೇಮಿಯಾ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅಂಥ ಮಗುವಿಗೆ ಜೀವನವಿಡೀ ರಕ್ತ ಕೊಡಿಸುತ್ತಿರಬೇಕಾಗುತ್ತದೆ.

ಕಬ್ಬಿಣದ ಕೊರತೆಯೇ ಇದ್ದರೂ ಅದರ ಮೂಲವನ್ನು ಹುಡುಕದೆ ಮಾತ್ರೆ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಐವತ್ತು ದಾಟಿದ ಗಂಡಸಿನಲ್ಲಿ ಅದು ಕರುಳಿನ ರಕ್ತಸ್ರಾವದ, ಕೆಲವೊಮ್ಮೆ ಕರುಳಿನ ಕ್ಯಾನ್ಸರಿನ ಮೊದಲ ಸೂಚನೆಯಾಗಿರಬಹುದು. ಬಿ12 ಕೊರತೆಯ ಆಟವೇ ಬೇರೆ: ಮೂರೂ ಬಗೆಯ ಕಣಗಳು ಒಟ್ಟಿಗೆ ಇಳಿದು ಎಲ್ಲರಿಗೂ ಲ್ಯುಕೇಮಿಯಾದ, ಅಂದರೆ ರಕ್ತದ ಕ್ಯಾನ್ಸರಿನ ಭಯ ಹುಟ್ಟಿಸುತ್ತವೆ. ಸ್ಲೈಡಿನಲ್ಲಿ ದೊಡ್ಡ ಮೊಟ್ಟೆಯಾಕಾರದ ಕೆಂಪು ಕಣಗಳೂ ನ್ಯೂಕ್ಲಿಯಸ್ ಐದಾರು ಭಾಗಗಳಾಗಿ ಸೀಳಿದ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳೂ ಕಂಡರೆ ಮೊದಲು ಬಿ12 ಮಟ್ಟವನ್ನು ನೋಡಿಸಿ ಎನ್ನುತ್ತೇನೆ.

ನಿಜವಾದ ರಕ್ತದ ಕ್ಯಾನ್ಸರ್ ಅಪರೂಪಕ್ಕೆ ಬರುತ್ತದೆ, ಬಂದಾಗ ಒಂದರಂತೆ ಇನ್ನೊಂದಿರುವುದಿಲ್ಲ. ಬಿಳಿ ಕಣ ಲಕ್ಷ ದಾಟಿ, ಎಳೆಯದರಿಂದ ಬಲಿತದ್ದರವರೆಗೆ ಎಲ್ಲ ಹಂತದ ಕಣಗಳೂ ಬೇಸೋಫಿಲ್ ಎಂಬ ವಿರಳ ಬಿಳಿ ಕಣಗಳೂ ಕಾಣಿಸಿ, ಎಡ ಹೊಟ್ಟೆ ಭಾರವೆನ್ನುವ ರೋಗಿಗೆ ಬಿಸಿಆರ್-ಎಬಿಎಲ್ ಎಂಬ ಜೀನ್ ಪರೀಕ್ಷೆ ಸೂಚಿಸುತ್ತೇನೆ. ಅದು ಪಾಸಿಟಿವ್ ಬಂದರೆ ದೀರ್ಘಕಾಲಿಕ ಮಯಲಾಯ್ಡ್ ಲ್ಯುಕೇಮಿಯಾ. 2001ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಮಾಟಿನಿಬ್ ಮಾತ್ರೆಯು ಈ ರೋಗದ ಹಣೆಬರಹವನ್ನೇ ಬದಲಿಸಿತು; ಅದರ ಪೇಟೆಂಟ್ ಅರ್ಜಿಯನ್ನು 2013ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದರಿಂದ ನಮ್ಮಲ್ಲಿ ತಯಾರಾಗುವ ಅಗ್ಗದ ಜೆನೆರಿಕ್ ಮಾತ್ರೆಗಳು ಉಳಿದುಕೊಂಡವು. ಇಲ್ಲಿನ ತೊಡಕು ಮಾತ್ರೆಯಲ್ಲಿಲ್ಲ, ಮೈ ಹಗುರಾದ ಕೂಡಲೇ ಅದನ್ನು ತಾವೇ ನಿಲ್ಲಿಸಿಬಿಡುವುದರಲ್ಲಿದೆ. ಬೆನ್ನುನೋವೆಂದು ವರ್ಷಗಟ್ಟಲೆ ಎಣ್ಣೆ ಹಚ್ಚಿಕೊಂಡ ಹಿರಿಯರ ಸ್ಲೈಡಿನಲ್ಲಿ ಕೆಂಪು ಕಣಗಳು ನಾಣ್ಯ ಪೇರಿಸಿದಂತೆ ಸಾಲುಗಟ್ಟಿದ್ದು, ಕೆಂಪು ಕಣಗಳು ತಳಕ್ಕಿಳಿಯುವ ವೇಗವಾದ ಇಎಸ್‌ಆರ್ ನೂರು ದಾಟಿದ್ದರೆ ಮಯಲೋಮಾ ಎಂಬ ಅಸ್ಥಿಮಜ್ಜೆಯ ಕ್ಯಾನ್ಸರಿಗಾಗಿ ರಕ್ತದ ಪ್ರೋಟೀನ್ ಪರೀಕ್ಷೆ ಮಾಡಿಸಬೇಕು.

ಗಡಿಯಾರ ನೋಡಬೇಕಾಗುವುದು ತೀವ್ರ ಲ್ಯುಕೇಮಿಯಾದಲ್ಲಿ. ಅದರಲ್ಲೂ ಒರಟು ಕಣಿಕೆಗಳು ತುಂಬಿದ ಪ್ರೋಮಯಲೋಸೈಟ್ ಎಂಬ ಎಳೆಯ ಬಿಳಿ ಕಣಗಳು, ಒಳಗೆ ಕಡ್ಡಿಗಳ ಕಂತೆಯಂಥ ಆಯರ್ ರಾಡ್‌ಗಳು ಕಂಡರೆ ಸಂಜೆ ಎಷ್ಟೇ ಹೊತ್ತಾಗಿರಲಿ, ಕಳುಹಿಸಿದ ವೈದ್ಯರಿಗೆ ಫೋನ್ ಮಾಡುತ್ತೇನೆ. ಈ ರೋಗಿಗಳು ಮೊದಲ ದಿನಗಳಲ್ಲೇ ಮೆದುಳಿನ ರಕ್ತಸ್ರಾವದಿಂದ ಸಾಯಬಹುದು. ಆ ಘಟ್ಟ ದಾಟಿದವರು ಬಹುಪಾಲು ಗುಣವಾಗುತ್ತಾರೆ. ಹಾಗಾಗಿ ಜೀನ್ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ, ಅನುಮಾನದ ಮೇಲೆಯೇ ಈ ಬಗೆಯ ಲ್ಯುಕೇಮಿಯಾದ ಔಷಧವಾದ ಆಟ್ರಾ ಮಾತ್ರೆಯನ್ನು ಆರಂಭಿಸುವುದು ರೂಢಿ.

ಮಗುವಿನ ಸ್ಲೈಡಿನಲ್ಲಿ ಬ್ಲಾಸ್ಟ್ ಕಣಗಳು, ಅಂದರೆ ತೀವ್ರ ಲ್ಯುಕೇಮಿಯಾವನ್ನು ಸೂಚಿಸುವ ತೀರಾ ಎಳೆಯ ಕಣಗಳು, ಕಂಡಾಗಲೂ ರಿಪೋರ್ಟ್ ವಾಟ್ಸಾಪ್‌ನಲ್ಲಿ ತಂದೆತಾಯಿಗೆ ತಲುಪುವ ಮೊದಲು ವೈದ್ಯರೊಡನೆ ಮಾತನಾಡುತ್ತೇನೆ. ಆಗ ತಪ್ಪದೆ ಕೇಳಿಕೊಳ್ಳುವುದು ಒಂದೇ: ಮಣಿಪಾಲಕ್ಕೋ ಮಂಗಳೂರಿಗೋ ಕಳುಹಿಸಿ ಅಸ್ಥಿಮಜ್ಜೆಯ ಮಾದರಿ ತೆಗೆಯುವವರೆಗೆ ಜ್ವರಕ್ಕೆಂದೋ ಗಂಟಿಗೆಂದೋ ಸ್ಟಿರಾಯ್ಡ್ ಕೊಡಬೇಡಿ. ಲಿಂಫ್ ಜಾತಿಯ ಕ್ಯಾನ್ಸರ್ ಕಣಗಳು ಅದಕ್ಕೆ ಕೆಲವೇ ದಿನಗಳಲ್ಲಿ ಕರಗಿಹೋಗುತ್ತವೆ, ರೋಗ ಒಳಗೇ ಉಳಿಯುತ್ತದೆ, ಆಮೇಲೆ ಮಜ್ಜೆ ತೆಗೆದರೂ ಅದು ಯಾವ ಬಗೆಯದೆಂದು ಹೇಳುವುದು ಕಷ್ಟವಾಗುತ್ತದೆ.