ಏಸಿ ಇಲ್ಲದ ಮನೆ, ಮುಂಬಯಿಯ ಸೆಖೆ: ಹೊಸದಾಗಿ ಬಂದವರಿಗೆ

ಊರಿನ ಬಿಸಿಲು ಕಂಡವರಿಗೆ ಮುಂಬಯಿಯ 33 ಡಿಗ್ರಿ ಒಂದು ಲೆಕ್ಕವೇ ಅಲ್ಲ ಅನ್ನಿಸುತ್ತದೆ. ಕಲಬುರಗಿ, ರಾಯಚೂರಿನಲ್ಲಿ ಮೇ ತಿಂಗಳು 42 ಮುಟ್ಟುತ್ತದೆ. ಅಲ್ಲಿಂದ ಬಂದವರು ಮೊದಲ ವಾರ ಧೈರ್ಯವಾಗಿರುತ್ತಾರೆ, ಎರಡನೇ ವಾರ ನಿದ್ದೆಗೆಡುತ್ತಾರೆ. ಇಲ್ಲಿ ಗಾಳಿಯ ತೇವಕ್ಕೆ ಬೆವರು ಬೇಗ ಆರುವುದಿಲ್ಲ, ರಾತ್ರಿಯೂ ಉಷ್ಣ 27ರ ಕೆಳಗೆ ಇಳಿಯುವುದು ಅಪರೂಪ. ಕರಾವಳಿಯವರಿಗೆ ಈ ಸೆಖೆ ಹೊಸದಲ್ಲ. ಆದರೆ ಅವರಿಗೆ ಗೊತ್ತಿರುವುದು ಹೆಂಚಿನ ಮನೆಯ ಸೆಖೆ. ಹೆಂಚಿನ ಸಂದಿಯಿಂದ ಬಿಸಿಗಾಳಿ ಮೇಲಕ್ಕೆ ಹೋಗಿಬಿಡುತ್ತದೆ, ಸುತ್ತ ತೆಂಗು, ಹಲಸಿನ ನೆರಳು ಇರುತ್ತದೆ. ಕಾಂಕ್ರೀಟ್ ಸ್ಲ್ಯಾಬಿನ ಕೆಳಗೆ ಆ ದಾರಿಯೇ ಇಲ್ಲ.

ನಮ್ಮವರು ಸುಮ್ಮನೆ ದುಡ್ಡು ಸುರಿಯುವುದು ಕೂಲರಿಗೆ. ಊರಲ್ಲಿ ತಂಪು ಕೊಟ್ಟದ್ದನ್ನೇ ಸಾಮಾನಿನ ಟೆಂಪೋದಲ್ಲಿ ಹೇರಿಕೊಂಡು ಬರುವವರಿದ್ದಾರೆ. ದಯವಿಟ್ಟು ಬೇಡ. ನೀರು ಆವಿಯಾಗುವಾಗ ಗಾಳಿಯ ಬಿಸಿ ಹೀರಿಕೊಳ್ಳುತ್ತದೆ, ಕೂಲರ್ ಮಾಡುವುದು ಅಷ್ಟನ್ನೇ. ಪುಣೆಯಲ್ಲಿ ಏಪ್ರಿಲ್ ಮಧ್ಯಾಹ್ನ 39 ಡಿಗ್ರಿ, ತೇವಾಂಶ ಶೇ. 20 ಇದ್ದರೆ ಒಳ್ಳೆಯ ಪ್ಯಾಡಿನ ಕೂಲರ್ 25ರ ಆಸುಪಾಸಿನ ಗಾಳಿ ಕೊಡುತ್ತದೆ. ಮುಂಬಯಿಯಲ್ಲಿ 33 ಡಿಗ್ರಿ, ತೇವಾಂಶ ಶೇ. 68 ಇರುವಾಗ ಅದೇ ಕೂಲರ್ 29ಕ್ಕೆ ಇಳಿಸಿದರೆ ಹೆಚ್ಚು, ಮೇಲಿಂದ ಕೋಣೆಯೆಲ್ಲ ಜಿಗುಟು. ಗೋವಾದ ವಾಸ್ಕೋ ಕಡೆಯೂ ಹೀಗೇ. ಒದ್ದೆ ಪರದೆ, ನೆಲಕ್ಕೆ ನೀರು ಚಿಮುಕಿಸುವುದು, ಲಾವಂಚದ ತಟ್ಟಿ ಎಲ್ಲವೂ ಒಣ ಸೀಮೆಯ ಉಪಾಯಗಳು.

ಪುಣೆಗೆ ಹೋಗುವವರು ಇವನ್ನು ಧಾರಾಳವಾಗಿ ಬಳಸಿ. ಕೂಲರಿನ ಬೆನ್ನು ತೆರೆದ ಕಿಟಕಿಯ ಕಡೆಗಿರಲಿ, ಎದುರಿನ ಇನ್ನೊಂದು ಕಿಟಕಿ ಒಂದು ಗೇಣು ತೆರೆದಿರಲಿ. ಇಲ್ಲದಿದ್ದರೆ ಒಳಗಿನ ಒದ್ದೆ ಗಾಳಿಯೇ ಸುತ್ತಿ ಸುತ್ತಿ ಬರುತ್ತದೆ. ಹುಲ್ಲಿನ ಪ್ಯಾಡನ್ನು ವರ್ಷವರ್ಷವೂ ಬದಲಿಸಿ. ಬೋರ್ ನೀರಿನ ಉಪ್ಪು ಕಟ್ಟಿದ ಪ್ಯಾಡಿನಲ್ಲಿ ಗಾಳಿ ದಾಟುವುದಿಲ್ಲ. ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡಿ, ಒಳಗೋಡೆ ಉಜ್ಜಿ, ಒಣಗಿಸಿ ನೀರು ತುಂಬಿಸಿ. ಡೆಂಗಿ ಸೊಳ್ಳೆಯ ಮೊಟ್ಟೆ ತೊಟ್ಟಿಯ ಗೋಡೆಗೇ ಅಂಟಿಕೊಂಡಿರುತ್ತದೆ, ನೀರು ಚೆಲ್ಲಿದರಷ್ಟೇ ಹೋಗುವುದಿಲ್ಲ.

ಕಿಟಕಿಯ ವಿಷಯದಲ್ಲೂ ಎರಡು ಊರಿಗೆ ಎರಡು ನಿಯಮ. ಪುಣೆಯಲ್ಲಿ ಹಗಲು ರಾತ್ರಿಯ ಅಂತರ ಹದಿನೈದು ಡಿಗ್ರಿಯವರೆಗೂ ಇರುತ್ತದೆ. ಬೆಳಿಗ್ಗೆ ಒಂಬತ್ತೂವರೆಗೆ ಕಿಟಕಿ ಮುಚ್ಚಿ ಪರದೆ ಎಳೆದು, ಸಂಜೆ ಹೊರಗೆ ತಂಪಾದ ಮೇಲೆ ಎಲ್ಲವನ್ನೂ ತೆರೆದರೆ ರಾತ್ರಿಯ ತಂಪು ಗೋಡೆಗೆ ಇಳಿದು ಮರುದಿನಕ್ಕೆ ಉಳಿಯುತ್ತದೆ. ಮುಂಬಯಿಯಲ್ಲಿ ಆ ಅಂತರ ಆರೇಳು ಡಿಗ್ರಿ ಮಾತ್ರ. ಮುಚ್ಚಿದರೆ ಅಡುಗೆಯ ಹಬೆ, ಮೈಯ ಬೆವರು, ಒಣಹಾಕಿದ ಬಟ್ಟೆಯ ನೀರು ಎಲ್ಲ ಒಳಗೇ ಉಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಪಶ್ಚಿಮದಿಂದ ಏಳುತ್ತದೆ. ಸಂಜೆಯ ಸುಡುಬಿಸಿಲು ಬರುವುದೂ ಅದೇ ದಿಕ್ಕಿನಿಂದ. ಹಾಗಾಗಿ ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ಒಳಗಿನ ಪರದೆಯವರೆಗೆ ಬಂದ ಬಿಸಿ ಆಗಲೇ ಮನೆಯೊಳಗೆ ಬಂದಾಯಿತು. ಗ್ರಿಲ್ಲಿನ ಹೊರಮೈಗೆ ನರ್ಸರಿಯವರು ಬಳಸುವ ಹಸಿರು ನೆರಳುಬಲೆಯನ್ನು ಕಟ್ಟಿ. ಬಿಸಿಲನ್ನು ಶೇ. 50ರಷ್ಟು ತಡೆಯುವಂಥದ್ದು ಸಾಕು. ಶೇ. 90ರದ್ದು ಗಾಳಿಯನ್ನೂ ನಿಲ್ಲಿಸುತ್ತದೆ. ಬಲೆಗೂ ಗಾಜಿಗೂ ನಡುವೆ ಒಂದಡಿ ಜಾಗ ಬಿಡಿ.

ಮನೆ ನೋಡಲು ಸಂಜೆ ನಾಲ್ಕಕ್ಕೆ ಹೋಗಿ, ಬೆಳಿಗ್ಗೆ ಎಲ್ಲ ಮನೆಯೂ ತಂಪೇ. ಮಲಗುವ ಕೋಣೆಯ ಪಶ್ಚಿಮದ ಗೋಡೆಗೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಆ ಗೋಡೆ ನಡುರಾತ್ರಿಯವರೆಗೂ ಬಿಸಿ ಉಗುಳುತ್ತಿರುತ್ತದೆ. ಕೊನೆಯ ಮಹಡಿಯಾದರೆ ಟೆರೇಸಿನ ಮೇಲೆ ಶೆಡ್ ಇದೆಯೇ ಕೇಳಿ. ಇಲ್ಲದಿದ್ದರೆ ಸೊಸೈಟಿಯ (ಕಟ್ಟಡದ ಮನೆಯವರ ಸಂಘ) ಒಪ್ಪಿಗೆ ಪಡೆದು ಮಾರ್ಚಿನಲ್ಲಿ ಬಿಳಿ ಸುಣ್ಣ ಹೊಡೆಸಿ. ಸುಣ್ಣವನ್ನು ಹಿಂದಿನ ರಾತ್ರಿ ನೆನೆಹಾಕಿ, ಸೋಸಿ, ಸ್ವಲ್ಪ ಫೆವಿಕಾಲ್ ಬೆರೆಸಿ, ತೊಳೆದ ಸ್ಲ್ಯಾಬಿನ ಮೇಲೆ ಎರಡು ಕೈ ಹೊಡೆಯಬೇಕು. ಎರಡನೆಯದು ಮೊದಲನೆಯದಕ್ಕೆ ಅಡ್ಡಡ್ಡ. ಮಳೆಗಾಲದಲ್ಲಿ ತೊಳೆದುಹೋಗುತ್ತದೆ, ಮುಂದಿನ ಮಾರ್ಚಿಗೆ ಮತ್ತೆ ಹೊಡೆಸಬೇಕು.

ಫ್ಯಾನ್ ಪೂರ್ತಿ ಇಟ್ಟರೂ ಮೆಲ್ಲಗೆ ತಿರುಗುತ್ತಿದ್ದರೆ ಹೊಸದು ಕೊಳ್ಳಲು ಓಡಬೇಡಿ. ಹೆಚ್ಚಿನ ಸಲ ಹೋಗಿರುವುದು ಕೆಪ್ಯಾಸಿಟರ್ ಎಂಬ ಚಿಕ್ಕ ಬಿಡಿಭಾಗ. ಸಾಮಾನ್ಯವಾಗಿ ಅದು 2.5 ಮೈಕ್ರೋಫ್ಯಾರಡ್‌ನದು. ಹಳೆಯದರ ಮೇಲಿನ ಅಂಕಿ ಓದಿ ಅಷ್ಟರದೇ ಹಾಕಿಸಿ, ಎಲೆಕ್ಟ್ರಿಷಿಯನ್ ಮೇನ್ ಆಫ್ ಮಾಡಿದ ಮೇಲೆಯೇ ಕೈ ಹಾಕಲಿ. ಹೊಸದೇ ಬೇಕಾದರೆ ಬಿಎಲ್‌ಡಿಸಿ (ಬ್ರಷ್ ಇಲ್ಲದ ಮೋಟಾರಿನ) ಫ್ಯಾನ್ ಕೊಳ್ಳಿ. ಹಳೆಯದು 75 ವ್ಯಾಟ್ ತಿಂದರೆ ಇದು 30ರ ಆಸುಪಾಸು, ರಾತ್ರಿಯೆಲ್ಲ ತಿರುಗುವ ಮನೆಯಲ್ಲಿ ಬಿಲ್ಲು ಇಳಿದದ್ದು ಕಣ್ಣಿಗೆ ಕಾಣುತ್ತದೆ. ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ, ಮೈಯ ಬೆವರನ್ನು ಆರಿಸುತ್ತದೆ. ಆದ್ದರಿಂದ ಖಾಲಿ ಕೋಣೆಯಲ್ಲಿ ತಿರುಗಿಸಿ ಫಲವಿಲ್ಲ. ರಾತ್ರಿ ಹನ್ನೊಂದರ ಮೇಲೆ ಕೊನೆಯ ಮಹಡಿಯ ಕೋಣೆ ಹೊರಗಿಗಿಂತ ಬಿಸಿಯಾಗಿರುತ್ತದೆ. ಆಗ ಟೇಬಲ್ ಫ್ಯಾನನ್ನು ಕಿಟಕಿಯಿಂದ ಎರಡಡಿ ಒಳಗೆ, ಮುಖ ಹೊರಗೆ ಮಾಡಿ ಇಟ್ಟು, ಎದುರಿನ ಬಾಗಿಲು ತೆಗೆಯಿರಿ. ಒಳಗಿನ ಬಿಸಿ ಹೊರಬೀಳುತ್ತದೆ.

ಆ ಬಾಗಿಲಿನ ಬಗ್ಗೆ ಒಂದು ಮಾತು. ಇಲ್ಲಿನ ಮನೆಗಳಿಗೆ ಮರದ ಬಾಗಿಲಿನ ಹೊರಗೆ ಜಾಲರಿಯ ಸೇಫ್ಟಿ ಡೋರ್ ಇರುತ್ತದೆ. ಹೊಸಬರು ಭಯಕ್ಕೆ ಎರಡನ್ನೂ ಮುಚ್ಚಿಡುತ್ತಾರೆ. ಜಾಲರಿಗೆ ಸೊಳ್ಳೆಪರದೆ ಹೊಡೆಸಿ, ಅದನ್ನು ಮಾತ್ರ ಹಾಕಿಕೊಂಡು ಮರದ ಬಾಗಿಲು ತೆರೆದಿಡಿ. ಗಾಳಿಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾರಿ ಆಗುವುದು ಆಗಲೇ. ಊರಲ್ಲಿ ಜಗಲಿಯಿತ್ತು, ಮಾಳಿಗೆಯ ಮೇಲೆ ಸಾಲಾಗಿ ಹಾಸಿಗೆ ಬೀಳುತ್ತಿತ್ತು, ಬೇಸಿಗೆಯೆಂದರೆ ನಾಲ್ಕು ಜನ ಸೇರುವ ಕಾಲ. ಇಲ್ಲಿ ಹುಟ್ಟಿದ ಮಕ್ಕಳಿಗೆ ಅದನ್ನು ಕೊಡಲು ಆಗಲಿಲ್ಲ ಎಂಬ ನೋವು ನಮ್ಮ ಪೀಳಿಗೆಯ ಹಲವರಲ್ಲಿ ಇದೆ. ಆದರೆ ತೆರೆದ ಬಾಗಿಲಿನ ಮನೆಯ ಮಕ್ಕಳು ಎದುರು ಮನೆಯ ಆಜಿಯಿಂದ ಮರಾಠಿ ಕಲಿಯುತ್ತವೆ, ಕೈರಿಯ ಪನ್ಹೆ (ಮಾವಿನಕಾಯಿಯ ಪಾನಕ) ಕುಡಿದು ಬರುತ್ತವೆ, ಆ ಮನೆಗೆ ನಮ್ಮ ಪಾನಕ ಹೋಗುತ್ತದೆ. ಏಸಿ ಹಾಕಿ ಬಾಗಿಲು ಮುಚ್ಚಿದ ಮನೆಗಳಲ್ಲಿ ಹತ್ತು ವರ್ಷವಾದರೂ ಪಕ್ಕದವರ ಹೆಸರು ಗೊತ್ತಿರುವುದಿಲ್ಲ.

ಅಡುಗೆ ಬೆಳಿಗ್ಗೆ ಎಂಟರೊಳಗೆ ಮುಗಿಯಲಿ. ಕುಚ್ಚಲಕ್ಕಿ ಉಣ್ಣುವವರು ಮುಕ್ಕಾಲು ಗಂಟೆ ಒಲೆ ಉರಿಸುವ ಬದಲು, ಹತ್ತು ನಿಮಿಷ ಕೊತಕೊತ ಕುದಿಸಿ ಬಿಸಿ ಹಿಡಿದಿಡುವ ಥರ್ಮಲ್ ಕುಕ್ಕರಿನಲ್ಲಿ ಒಂದು ಗಂಟೆ ಮುಚ್ಚಿಡಿ. ಅನ್ನ ಅಲ್ಲೇ ಬೇಯುತ್ತದೆ. ಟೆರೇಸಿನ ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡುತ್ತದೆ. ಸಂಜೆಯ ಸ್ನಾನಕ್ಕೆ ಬೆಳಿಗ್ಗೆಯೇ ಬಕೆಟ್ ತುಂಬಿಸಿ ನೆರಳಲ್ಲಿಡಿ. ಫೋಮ್ ಹಾಸಿಗೆ ಮೈಯ ಬಿಸಿಯನ್ನು ಹಿಡಿದಿಡುತ್ತದೆ, ನೆಲಕ್ಕೆ ಚಾಪೆ ಹಾಸಿ ಮೇಲೆ ಹತ್ತಿಯ ಹೊದಿಕೆ ಹಾಸಿದರೆ ಒಳ್ಳೆಯ ನಿದ್ದೆ. ಮಡಕೆಯನ್ನು ಧಾರಾವಿಯ ಕುಂಭಾರವಾಡಾದಲ್ಲಿ ನೋಡಿ. ಬಣ್ಣ ಹೊಡೆದದ್ದು, ಹೊಳೆಯುವುದು ಬೇಡ, ಅದು ಬೆವರುವುದಿಲ್ಲ. ಸೋಪು ಹಾಕದೆ ತೆಂಗಿನ ನಾರಿನಿಂದ ತೊಳೆಯಿರಿ, ಗಾಳಿಯಾಡುವ ಕಿಟಕಿಯ ಬಳಿ ಇಡಿ.

ಮೇ ರಜೆಗೆ ಊರಿಂದ ಬರುವ ಅಪ್ಪ ಅಮ್ಮನ ಮೇಲೆ ಕಣ್ಣಿರಲಿ. ಮತ್ತೆ ಮತ್ತೆ ಬಚ್ಚಲಿಗೆ ಹೋಗಬೇಕಾಗುತ್ತದೆಂದು ಅವರು ನೀರನ್ನೇ ಕಡಿಮೆ ಮಾಡುತ್ತಾರೆ, ನೀವೇ ಗಂಟೆಗೊಮ್ಮೆ ಲೋಟ ಕೈಗೆ ಕೊಡಿ. ಬಳಲಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಮಟ್ಟಸವಾಗಿ ಅಳೆದು ಹಾಕಿ. ಮಾತು ತಡವರಿಸಿ, ಮೈ ಕಾದಿದ್ದು, ಗಲಿಬಿಲಿಗೊಂಡರೆ ಅದು ಬಿಸಿಲಾಘಾತ. ಆಗ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಮೈಗೆ ನೀರು ಹೊಯ್ದು ಫ್ಯಾನ್ ಗಾಳಿ ಬಿಡುತ್ತಿರಿ.

ಜೂನ್ ಎರಡನೇ ವಾರಕ್ಕೆ ಮಳೆ ಹಿಡಿಯುತ್ತದೆ. ಅದಕ್ಕೆ ಮೊದಲೇ ನೆರಳುಬಲೆ ಬಿಚ್ಚಿ ಮಡಿಸಿಡಿ, ಗಾಳಿಮಳೆಗೆ ಅದು ಹರಿದು ಕೆಳಗಿನವರ ಕಿಟಕಿಗೆ ಬೀಳುತ್ತದೆ. ಎಸೆಯಬೇಡಿ. ಮಳೆ ಹಿಂದೆ ಸರಿದ ಕೂಡಲೇ ಅಕ್ಟೋಬರಿನಲ್ಲಿ ಎರಡನೇ ಬೇಸಿಗೆ ಬರುತ್ತದೆ, ನವರಾತ್ರಿಯ ಹೊತ್ತಿಗೆ ಫ್ಯಾನಿನ ರೆಕ್ಕೆ ಒರೆಸಿ ಬಲೆ ಮತ್ತೆ ಕಟ್ಟಬೇಕಾಗುತ್ತದೆ.