ಲೋಟದ ಸಕ್ಕರೆ ನೀರು ಬೆಳಕನ್ನು ಎಷ್ಟು ತಿರುಗಿಸುತ್ತದೆ? ನೀವೇ ಅಳೆದು ನೋಡಿ

ಲೇಸರ್ ಬೇಡ. ಎಲ್‌ಸಿಡಿ ಪರದೆಯ ಫೋನ್ ಅಥವಾ ಟ್ಯಾಬ್, ತಳ ಚಪ್ಪಟೆಯಾಗಿರುವ ಗಾಜಿನ ಲೋಟ, ಸಕ್ಕರೆ, ಒಂದು ಪೋಲರೈಸಿಂಗ್ ಫಿಲ್ಟರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ), ಕೋನಮಾಪಕ ಸಾಕು. ಫಿಲ್ಟರ್ ಬದಲು ಪೋಲರೈಸ್ಡ್ ತಂಪು ಕನ್ನಡಕವೂ ನಡೆಯುತ್ತದೆ.

ಎಲ್‌ಸಿಡಿಯಿಂದ ಬರುವ ಬೆಳಕು ಮೊದಲೇ ಧ್ರುವೀಕೃತ, ಅಂದರೆ ಅದರ ಕಂಪನ ಒಂದೇ ದಿಕ್ಕಿನಲ್ಲಿರುತ್ತದೆ. ಸಕ್ಕರೆ ನೀರು ತಿರುಗಿಸುವುದು ಈ ದಿಕ್ಕನ್ನೇ. ಪರದೆಯನ್ನು ಮಲಗಿಸಿ, ಮೇಲಿನಿಂದ ಫಿಲ್ಟರ್ ಹಿಡಿದು ತಿರುಗಿಸಿ. ಒಂದು ಕೋನದಲ್ಲಿ ಪರದೆ ಕಪ್ಪಾಗಬೇಕು. ಆಗದಿದ್ದರೆ ಬೇರೆ ಪರದೆ ಹುಡುಕಿ. ಆ ಕೋನ ಗುರುತು ಮಾಡಿ, ಖಾಲಿ ಲೋಟ ಇಡಿ. ಕಪ್ಪು ಹಾಗೇ ಉಳಿದರೆ ಲೋಟ ಒಳ್ಳೆಯದು. ಪ್ಲಾಸ್ಟಿಕ್ ಲೋಟ ಮಾತ್ರ ಬೇಡ, ಅಚ್ಚಿನಲ್ಲಿ ಉಳಿದ ಬಿಗಿತವೇ ಬಣ್ಣ ತೋರಿಸಿ ದಾರಿ ತಪ್ಪಿಸುತ್ತದೆ.

50 ಗ್ರಾಂ ಸಕ್ಕರೆಗೆ 100 ಮಿ.ಲೀ. ನೀರು ಸುರಿಯಬೇಡಿ. ಸಕ್ಕರೆ ಕರಗಿದ ಮೇಲೆ ಒಟ್ಟು 100 ಮಿ.ಲೀ. ಆಗುವಷ್ಟೇ ನೀರು ಸೇರಿಸಿ. ಲೆಕ್ಕಕ್ಕೆ ಬೇಕಿರುವುದು ದ್ರಾವಣದ ಗಾತ್ರ, ನೀರಿನದ್ದಲ್ಲ. ಲೋಟ ದೊಡ್ಡದಾದರೆ ಇದೇ ಪ್ರಮಾಣದಲ್ಲಿ ಜಾಸ್ತಿ ಮಾಡಿಕೊಳ್ಳಿ.

ಪರದೆ ತುಂಬ ಹಸಿರು ಬಣ್ಣ ತೋರಿಸಿ, ಕೋಣೆಯ ದೀಪ ಆರಿಸಿ. ಲೋಟದಲ್ಲಿ 5 ಸೆಂ.ಮೀ. ಎತ್ತರಕ್ಕೆ ದ್ರಾವಣ ಸುರಿಯಿರಿ. ಕಪ್ಪಾಗಿದ್ದ ಜಾಗ ಬೆಳಗುತ್ತದೆ. ಮತ್ತೆ ಕಪ್ಪಾಗಲು ಫಿಲ್ಟರನ್ನು ಬಲಕ್ಕೆ, ಗಡಿಯಾರದ ಮುಳ್ಳಿನಂತೆ, ಸುಮಾರು 20 ಡಿಗ್ರಿ ತಿರುಗಿಸಬೇಕು. 10 ಸೆಂ.ಮೀ.ಗೆ ಏರಿಸಿದರೆ ಸುಮಾರು 40. ಎತ್ತರ ಎರಡು ಪಟ್ಟು, ಕೋನವೂ ಎರಡು ಪಟ್ಟು. ಸಕ್ಕರೆ ಅರ್ಧ ಮಾಡಿದರೆ ಕೋನವೂ ಅರ್ಧ. ಪುಸ್ತಕಗಳಲ್ಲಿ ಕಾಣುವ 66.5 ಡಿಗ್ರಿ ಸೋಡಿಯಂ ದೀಪದ ಹಳದಿ ಬೆಳಕಿಗೆ, ಮಿ.ಲೀ.ಗೆ 1 ಗ್ರಾಂ ಸಕ್ಕರೆ, 10 ಸೆಂ.ಮೀ. ಉದ್ದ ಎಂಬ ಲೆಕ್ಕದ್ದು. ನಮ್ಮದು ಅದರ ಅರ್ಧ ಸಕ್ಕರೆ, ಹಾಗಾಗಿ ಹಳದಿಗೆ ಸುಮಾರು 33. ಹಸಿರು ಇನ್ನೂ ಜಾಸ್ತಿ ತಿರುಗುತ್ತದೆ.

ಅತಿ ಕಪ್ಪಾದ ಜಾಗವನ್ನು ಕಣ್ಣಲ್ಲಿ ನೇರವಾಗಿ ಹುಡುಕುವುದು ಕಷ್ಟ. ನಾನು ಅದರ ಎರಡೂ ಪಕ್ಕ ಒಂದೇ ಮಟ್ಟದ ಮಂದ ಬೆಳಕು ಕಾಣುವ ಕೋನಗಳನ್ನು ಬರೆದುಕೊಂಡು, ನಡುವಿನದನ್ನು ಹಿಡಿಯುತ್ತೇನೆ. ಸುಮ್ನೆ ಅಂದಾಜು ಮಾಡುವುದಕ್ಕಿಂತ ಎಷ್ಟೋ ಮೇಲು.

ಈಗ ಪರದೆಯನ್ನು ಬಿಳಿ ಮಾಡಿ. ಪೂರ್ತಿ ಕಪ್ಪು ಸಿಗುವುದೇ ಇಲ್ಲ, ಫಿಲ್ಟರ್ ತಿರುಗಿಸಿದಂತೆ ಬಣ್ಣ ಬದಲಾಗುತ್ತದೆ. ನೀಲಿ ಹೆಚ್ಚು, ಕೆಂಪು ಕಡಿಮೆ ತಿರುಗುವುದರಿಂದ ಒಂದೊಂದು ಬಣ್ಣ ಒಂದೊಂದು ಕೋನದಲ್ಲಿ ಕಪ್ಪಾಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಇದು: ಫಿಲ್ಟರ್ ಅಲುಗಿಸದೆ ಲೋಟವನ್ನು ಇದ್ದಲ್ಲೇ ತಿರುಗಿಸಿ. ಏನೂ ಬದಲಾಗಲ್ಲ. ಲೋಟದ ಬದಲು ಕೆಲವು ಪದರ ಪಾರದರ್ಶಕ ಟೇಪ್ ಅಂಟಿಸಿದ ಗಾಜಿಟ್ಟು ತಿರುಗಿಸಿ, ಬಣ್ಣ ಬಂದು ಹೋಗುತ್ತದೆ. ಟೇಪಿಗೆ ತನ್ನದೇ ದಿಕ್ಕುಂಟು. ನೀರಿನಲ್ಲಿ ಸಕ್ಕರೆ ಅಣುಗಳು ಅಡ್ಡಾದಿಡ್ಡಿ ಉರುಳುತ್ತಿರುತ್ತವೆ, ಆದರೂ ಪರಿಣಾಮ ಅಳಿಸಿಹೋಗಲ್ಲ. ಸ್ಕ್ರೂವನ್ನು ತಲೆಕೆಳಗು ಮಾಡಿದರೂ ಅದರ ಎಳೆ ಬಲಸುತ್ತೇ ಅಲ್ವಾ, ಹಾಗೆ. ದ್ರವಗಳಲ್ಲಿ ಈ ತಿರುಗುವಿಕೆಯನ್ನು 1815ರಲ್ಲಿ ಕಂಡ ಫ್ರಾನ್ಸಿನ ವಿಜ್ಞಾನಿ ಬಿಯೊ, ಗುಣ ಇರುವುದು ಅಣುವಿನಲ್ಲೇ ಎಂದು ತಿಳಿದದ್ದು ಇದರಿಂದಲೇ.

ಮುಂದಿನ ಹೆಜ್ಜೆಗೆ ತಾಳ್ಮೆ ಬೇಕು. ದ್ರಾವಣಕ್ಕೆ ಅರ್ಧ ಚಮಚ ಸಿಟ್ರಿಕ್ ಆಮ್ಲ ಹಾಕಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿ. ಸಕ್ಕರೆ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಗ್ಲೂಕೋಸ್ ಬಲಕ್ಕೆ ತಿರುಗಿಸಿದರೆ ಫ್ರಕ್ಟೋಸ್ ಅದಕ್ಕಿಂತ ಜೋರಾಗಿ ಎಡಕ್ಕೆ. ಪೂರ್ತಿ ಒಡೆದಿದ್ದರೆ, ಮತ್ತೆ ಹಸಿರು ಮಾಡಿದ ಪರದೆಯಲ್ಲಿ ಅದೇ 10 ಸೆಂ.ಮೀ.ಗೆ ಕಪ್ಪು ಈಗ ಎಡಕ್ಕೆ ಹತ್ತು ಡಿಗ್ರಿಯ ಆಸುಪಾಸಿನಲ್ಲಿ ಸಿಗುತ್ತದೆ. ಇನ್ನೂ ಬಲಕ್ಕೇ ಇದ್ದರೆ ಮತ್ತಷ್ಟು ಕುದಿಸಿ. ಆವಿಯಾದಷ್ಟು ನೀರು ಸೇರಿಸಿ ಮೊದಲಿನ ಗಾತ್ರಕ್ಕೆ ತನ್ನಿ, ಪೂರ್ತಿ ಆರಿದ ಮೇಲೆಯೇ ಫೋನಿನ ಮೇಲೆ ಇಡಿ.