ಯೆಜ್ಡಿಯಲ್ಲಿ ಜಿ.ಟಿ. ರೋಡ್: ಬೈಪಾಸ್ ಬಿಟ್ಟ ಮೇಲೆ ಗಾಡಿ ಉಳಿಯಿತು

ಮೂರು ಹಳೆ ಯೆಜ್ಡಿ ರೋಡ್‌ಕಿಂಗ್ ಬೈಕ್, ಮೂವರು ಗೆಳೆಯರು, ಗ್ರಾಂಡ್ ಟ್ರಂಕ್ (ಜಿ.ಟಿ.) ರೋಡ್ ಹಿಡಿದು ಕೋಲ್ಕತ್ತಾದಿಂದ ಪಂಜಾಬ್ ಗಡಿಯ ಅಟ್ಟಾರಿ. ಹೇಳಿದಾಗ ಮೈಸೂರಿನ ನಮ್ಮ ಮೆಕ್ಯಾನಿಕ್ ನಕ್ಕರು. ‘ಸೀಜ್ ಆಗ್ತದೆ, ರೈಲಲ್ಲಿ ಹೋಗಿ’ ಅಂದರು. ಸೀಜ್ ಅಂದರೆ ಬಿಸಿಗೆ ಪಿಸ್ಟನ್ ಸಿಲಿಂಡರಿನೊಳಗೆ ಕಚ್ಚಿಕೊಳ್ಳುವುದು. 2022ರ ಡಿಸೆಂಬರ್‌ನಲ್ಲಿ ಅವರ ಮಾತೇ ನಿಜವಾಯಿತು. ಧನ್‌ಬಾದ್ ದಾಟಿ ಬರ್ಹಿ ಹತ್ತಿರ ನನ್ನ 1988ರ ಗಾಡಿ ಸೀಜ್. ಪಿಸ್ಟನ್, ರೀಬೋರ್, ವಾಪಸ್ ಸಾಗಾಟ ಸೇರಿ ಇಪ್ಪತ್ತು ಸಾವಿರದ ಹತ್ತಿರ ಹೋಯಿತು. ಮುಂದೆ ಹೋದ ಇಬ್ಬರೂ ಕಾನ್ಪುರದ ಮಂಜಿನಲ್ಲಿ ಎರಡು ದಿನ ಕೂತು ತಿರುಗಿ ಬಂದರು.

ಪೆಟ್ರೋಲಿಗೆ ಬೆರೆಸುವ ಎಣ್ಣೆ ಕಮ್ಮಿಯಾಗಿತ್ತು ಅಂತ ಎಲ್ಲರೂ ಹೇಳಿದರು. ಅಲ್ಲ. ಆರು ಲೇನಿನ ನೇರ ರಸ್ತೆ, ಗಂಟೆಗಟ್ಟಲೆ ಒಂದೇ ಆಕ್ಸಿಲರೇಟರ್, ಅದೇ ತಪ್ಪು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಅಷ್ಟೇ, ಪೆಟ್ರೋಲ್ ನಿಂತರೆ ಎಣ್ಣೆಯೂ ನಿಂತಂತೆ.

2024ರ ಫೆಬ್ರವರಿಯಲ್ಲಿ ಮತ್ತೆ ಹೊರಟಾಗ ಬೈಪಾಸ್ ಹತ್ತಲೇ ಇಲ್ಲ. ಬರ್ಧಮಾನ್‌ನ ಕರ್ಜನ್ ಗೇಟ್, ಅಸನ್ಸೋಲ್, ಬಿಹಾರದ ಔರಂಗಾಬಾದ್, ಸಸಾರಾಮ್, ಎಲ್ಲ ಕಡೆ ಊರೊಳಗಿನ ಹಳೆ ಜಿ.ಟಿ. ರೋಡ್. ‘ಟ್ರಾಫಿಕ್‌ನಲ್ಲಿ ಇನ್ನೂ ಜಾಸ್ತಿ ಬಿಸಿಯಾಗ್ತದೆ’ ಅಂದವರಿದ್ದರು. ದೊಡ್ಡ ಊರುಗಳನ್ನು ಬೆಳಿಗ್ಗೆ ಏಳರೊಳಗೆ ದಾಟಿದರೆ ಬಿಸಿಯಾಗುವುದಿಲ್ಲ. ಐವತ್ತರ ಮೇಲೆ ಹೋಗಲಿಲ್ಲ, ನಲವತ್ತು ಕಿ.ಮೀ.ಗೆ ಒಂದು ಚಹಾ. ಎಣ್ಣೆಯ ಅಳತೆ, ಕಾರ್ಬ್ಯುರೇಟರಿನ ಜೆಟ್ ನಂಬರ್ ಮಾತ್ರ ಕೇಳಬೇಡಿ, ಅದಕ್ಕೆ ಎರಡು ಪಿಸ್ಟನ್ ತೆತ್ತಿದ್ದೇನೆ.

ಸಸಾರಾಮ್‌ನಲ್ಲಿ ಅರ್ಧ ದಿನ ನಿಂತೆವು. ಈ ರಸ್ತೆಯನ್ನು ಸರಿಮಾಡಿಸಿ ಪ್ರಯಾಣಿಕರ ತಂಗುದಾಣಗಳನ್ನು ಕಟ್ಟಿಸಿದ ಶೇರ್ ಶಾನ ಗೋರಿ ಅಲ್ಲಿ ಕೆರೆಯ ನಡುವೆ ಇದೆ. ಆದರೆ ಹುಡುಗರು ಮುತ್ತಿಕೊಂಡಿದ್ದು ನಮ್ಮ ಗಾಡಿಗಳನ್ನು. ಕಿಕ್ಕರ್ ಮಡಚಿ ಅದನ್ನೇ ಗೇರ್ ಲಿವರ್ ಮಾಡಿಕೊಳ್ಳುವುದನ್ನು ನಾಲ್ಕು ಸಲ ಮಾಡಿ ತೋರಿಸಬೇಕಾಯಿತು!

ಒಂದು ಗಾಡಿಗೆ ಕಿಡಿ ಕೊಡುವ ಹಳೆ ಪಾಯಿಂಟ್ ಸೆಟ್ ತೆಗೆದು ಸುಮ್ನೆ ಸಿಡಿಐ (ಎಲೆಕ್ಟ್ರಾನಿಕ್ ಇಗ್ನಿಷನ್) ಹಾಕಿ ನೋಡಿದ್ದೆವು. ಎರಡು ದಿನ ಬೆಣ್ಣೆಯ ಹಾಗೆ ಓಡಿತು, ಮೂರನೇ ದಿನ ಕಿಡಿಯೇ ಇಲ್ಲ. ರಿಪೇರಿ ಮಾಡುವವರು ಆ ದಾರಿಯಲ್ಲಿ ಯಾರಿದ್ದಾರೆ? ಪಾಯಿಂಟ್ ಸೆಟ್ ತಿರುಗಿ ಕೂರಿಸಲು ಅರ್ಧ ಗಂಟೆ.

ಬೇಸರ ಇರುವುದು ದೆಹಲಿ ವಿಷಯದಲ್ಲಿ. 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಆ ಸುತ್ತಿನಲ್ಲಿ ಆಗ ಓಡುವ ಹಾಗಿರಲಿಲ್ಲ. ಮಥುರಾದಲ್ಲಿ ಪಿಕಪ್‌ಗೆ ಹಾಕಿ ಅಂಬಾಲಾದಲ್ಲಿ ಇಳಿಸಿದೆವು, ಹದಿನಾಲ್ಕು ಸಾವಿರ. ಹರಿಯಾಣದ ಕೋಸ್ ಮಿನಾರ್‌ಗಳನ್ನು (ಹಳೆ ಕಾಲದ ದೂರ ತೋರಿಸುವ ಕಂಬಗಳು) ಪಿಕಪ್ಪಿನಲ್ಲಿ ಕೂತೇ ನೋಡಬೇಕಾಯಿತು. ಪೂರ್ತಿ ಓಡಿಸಿದೆ ಅಂತ ಹೇಳಿಕೊಳ್ಳಲಾರೆ. ಆದರೂ ಸಾವಿರದ ಆರುನೂರು ಕಿ.ಮೀ. ಮೇಲೆ ಓಡಿಸಿದ್ದೇವೆ.

ಲೀಟರಿಗೆ ಇಪ್ಪತ್ತೈದು, ಇಪ್ಪತ್ತಾರು ಕಿ.ಮೀ. ಬಂತು. ಹೋಗಿ ಬರುವ ರೈಲು ಪಾರ್ಸೆಲ್, ಒಂದೊಂದು ಗಾಡಿಗೆ ಹನ್ನೆರಡು ಸಾವಿರ, ಬಂದಾಗ ಒಂದರ ಹೆಡ್‌ಲೈಟ್ ಒಡೆದಿತ್ತು, ಪರಿಹಾರ ಸೊನ್ನೆ. ಊಟ, ವಸತಿ ಎಲ್ಲ ಸೇರಿ ಮೂವರಿಗೆ ತೊಂಬತ್ತೈದು ಸಾವಿರದ ಆಸುಪಾಸು.

ಊರಿಗೆ ಬಂದು ಅದೇ ಮೆಕ್ಯಾನಿಕ್ ಎದುರು ಸಿಲಿಂಡರ್ ಬಿಚ್ಚಿಸಿದೆ. ಒಳಗೆ ಬೆರಳಾಡಿಸಿದರು. ಒಂದು ಗೆರೆ ಇಲ್ಲ. ಹುಡುಗನನ್ನು ಕರೆದು ಕಾಫಿ ತರಲು ಕಳಿಸಿದರು.